ಜಾರ್ಜ್ ಬಲಬುಷ್ಕಾ

ಜಾರ್ಜ್ ಬಲಬುಷ್ಕಾ (ಡಿಸೆಂಬರ್ 9, 1912 - ಡಿಸೆಂಬರ್ 5, 1975) ಅಮೆರಿಕದ ಸುಪ್ರಸಿದ್ಧ ಪೂಲ್ ಕ್ಯೂ ತಯಾರಕರು. ರಷ್ಯಾದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ನ್ಯೂಯಾರ್ಕ್ ನಗರಕ್ಕೆ ವಲಸೆ ಬಂದ ಇವರು ಮರಗೆಲಸವನ್ನು ವೃತ್ತಿಯಾಗಿ ಕೈಗೊಂಡರು. ಪೂಲ್ ಆಟಕ್ಕೆ ಬಳಸುವ ಕೋಲನ್ನು, ಅಂದರೆ ಕ್ಯೂವನ್ನು, ತಯಾರಿಸುವ ಕೆಲಸವನ್ನು ಇವರು ಆರಂಭಿಸಿದ್ದು 1959ರಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ. ಅಲ್ಲಿಂದ ಮರಣದವರೆಗಿನ ಸುಮಾರು 16 ವರ್ಷಗಳಲ್ಲಿ ಇವರ ಕೈಯಿಂದ 1,000ದಿಂದ 1,200 ಕ್ಯೂಗಳು ಹೊರಬಂದಿರಬಹುದೆಂದು ಅಂದಾಜು ಮಾಡಲಾಗಿದೆ. ಪಿಟೀಲು ತಯಾರಿಕೆಯಲ್ಲಿ ಇಟಲಿಯ ಸ್ಟ್ರಾಡಿವೇರಿಯ ಹೆಸರಿಗಿರುವ ಸ್ಥಾನವನ್ನು ಕ್ಯೂ ತಯಾರಿಕೆಯಲ್ಲಿ ಬಲಬುಷ್ಕಾ ಅವರ ಹೆಸರಿಗೆ ನೀಡುವುದು ವಾಡಿಕೆ. ಇವರು ತಯಾರಿಸಿದ ಕ್ಯೂವನ್ನು ಕೇವಲ ಬಲಬುಷ್ಕಾ ಎಂದೇ ಕರೆಯುತ್ತಾರೆ.

ಜನನ ಮತ್ತು ವಲಸೆ

ಬಲಬುಷ್ಕಾ ಅವರ ಮೂಲ ಹೆಸರು ಗ್ರಿಗೊರಿ. ಇವರು ಹುಟ್ಟಿದಾಗ ರಷ್ಯಾ ಇನ್ನೂ ಝಾರ್ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಮೊದಲನೆಯ ಮಹಾಯುದ್ಧ, 1917ರ ಕ್ರಾಂತಿ ಹಾಗೂ ಅದರ ಬೆನ್ನಿಗೇ ಬಂದ ಅಂತರ್ಯುದ್ಧ ಇವರ ಬಾಲ್ಯಕಾಲದಲ್ಲಿಯೇ ನಡೆದವು. 1924ರಲ್ಲಿ ಕುಟುಂಬವು ದೇಶವನ್ನು ತೊರೆದು ಅಮೆರಿಕಕ್ಕೆ ಬಂದಿತು. ಅದೇ ವರ್ಷ ಅಮೆರಿಕ ಸರ್ಕಾರವು ವಲಸೆ ಕಾನೂನನ್ನು ಬಿಗಿಗೊಳಿಸಿ, ಪೂರ್ವ ಮತ್ತು ದಕ್ಷಿಣ ಯುರೋಪಿನಿಂದ ಬರುವವರ ಸಂಖ್ಯೆಗೆ ಕಠಿಣವಾದ ಮಿತಿಯನ್ನು ವಿಧಿಸಿತು. ಹೊಸ ದೇಶದಲ್ಲಿ ಗ್ರಿಗೊರಿ ಎಂಬ ಹೆಸರು ಜಾರ್ಜ್ ಆಯಿತು. ಕುಟುಂಬವು ನ್ಯೂಯಾರ್ಕ್ ನಗರದಲ್ಲಿ ನೆಲೆಸಿತು. ಬಲಬುಷ್ಕಾ ಅವರ ಮುಂದಿನ ಜೀವನವೆಲ್ಲ ಈ ನಗರದೊಂದಿಗೆ, ವಿಶೇಷವಾಗಿ ಅದರ ಬ್ರೂಕ್ಲಿನ್ ಭಾಗದೊಂದಿಗೆ, ಹೊಂದಿಕೊಂಡಿದೆ.

ಮರಗೆಲಸದ ವರ್ಷಗಳು

ಯೌವನದಲ್ಲಿ ಬಲಬುಷ್ಕಾ ಬಡಗಿಯಾಗಿ, ಮರದ ಆಟಿಕೆ ಹಾಗೂ ಪೀಠೋಪಕರಣಗಳ ತಯಾರಕರಾಗಿ ದುಡಿದರು. ಇವರು ಹದಿನೇಳನೆಯ ವಯಸ್ಸನ್ನು ತಲುಪುವ ಹೊತ್ತಿಗೆ 1929ರ ಆರ್ಥಿಕ ಕುಸಿತ ಸಂಭವಿಸಿತ್ತು. ಕೆಲಸ ಸಿಗುವುದೇ ದುರ್ಲಭವಾಗಿದ್ದ ಆ ಕಾಲದಲ್ಲಿ ಕೈಕಸುಬು ಇವರ ಆಧಾರವಾಯಿತು. ಮರದ ಜಾತಿ, ಅದರ ಎಳೆಯ ದಿಕ್ಕು, ತೇವ ಆರಿದಂತೆ ಅದು ಬಾಗುವ ಬಗೆ, ಅಂಟು ಹಿಡಿಯುವ ರೀತಿ ಇವೆಲ್ಲವೂ ಇವರಿಗೆ ಮೂರು ದಶಕಗಳ ದುಡಿಮೆಯಿಂದ ಕರಗತವಾದವು. ಕ್ಯೂ ತಯಾರಕರಾಗಿ ಇವರ ವೃತ್ತಿ ಕೇವಲ 16 ವರ್ಷಗಳದ್ದಾದರೂ, ಮರಗೆಲಸಗಾರರಾಗಿ ಇವರ ಅನುಭವ ಅದಕ್ಕಿಂತ ಬಹಳ ದೀರ್ಘವಾದದ್ದು. ಮೊದಲ ಕ್ಯೂಗಳಲ್ಲಿಯೇ ಕಂಡುಬರುವ ಪಕ್ವತೆಗೆ ಇದೇ ಕಾರಣವೆನ್ನಬಹುದು.

ಯಂತ್ರದ ಗರಗಸದಿಂದಾದ ಅವಘಡದಲ್ಲಿ ಇವರು ಬೆರಳೊಂದರ ಭಾಗವನ್ನು ಕಳೆದುಕೊಂಡರು. ಅದಕ್ಕೆ ಬದಲಾಗಿ ಇವರೇ ಒಂದು ಕೃತಕ ಬೆರಳನ್ನು ತಯಾರಿಸಿಕೊಂಡಿದ್ದರು. ಇವರ ಪತ್ನಿಯ ಹೆಸರು ಜೋಸೆಫೀನ್.

ಕ್ಯೂ ತಯಾರಿಕೆಯ ಆರಂಭ

ಬಲಬುಷ್ಕಾ ಸ್ವತಃ ಪೂಲ್ ಆಟದಲ್ಲಿ ಅಪಾರವಾದ ಆಸಕ್ತಿಯುಳ್ಳವರಾಗಿದ್ದರು. 1959ರಲ್ಲಿ ಪಾಲುದಾರರೊಬ್ಬರೊಂದಿಗೆ ಸೇರಿ ಪೂಲ್ ಆಟದ ಕೊಠಡಿಯೊಂದನ್ನು ಕೊಂಡರು. ಅದೇ ವರ್ಷ ಸ್ನೇಹಿತರಿಗೆ ಉಡುಗೊರೆಯಾಗಿ ಕೊಡಲು ಕೆಲವು ಕ್ಯೂಗಳನ್ನು ತಯಾರಿಸಿದರು. ಉಡುಗೊರೆ ಪಡೆದವರ ಕೈಯಲ್ಲಿದ್ದ ಕ್ಯೂಗಳನ್ನು ಕಂಡ ಇತರ ಆಟಗಾರರು ತಮಗೂ ಅಂಥದೇ ಬೇಕೆಂದು ಕೇಳತೊಡಗಿದರು. ಹೀಗೆ ಹವ್ಯಾಸವಾಗಿ ಆರಂಭವಾದದ್ದು ಕ್ರಮೇಣ ವೃತ್ತಿಯಾಯಿತು. ಇವರ ಕಾರ್ಯಾಗಾರ ಬ್ರೂಕ್ಲಿನ್‌ನ ಒಂದು ಗ್ಯಾರೇಜು. ದೊಡ್ಡ ಕಾರ್ಖಾನೆಯಾಗಲಿ, ಹಲವು ಮಂದಿ ನೌಕರರಾಗಲಿ ಅಲ್ಲಿರಲಿಲ್ಲ. ವರ್ಷಕ್ಕೆ ಸರಾಸರಿ 60ರಿಂದ 75 ಕ್ಯೂಗಳಷ್ಟೇ ಸಿದ್ಧವಾಗುತ್ತಿದ್ದವೆಂದು ಒಟ್ಟು ಸಂಖ್ಯೆಯ ಅಂದಾಜಿನಿಂದ ತಿಳಿಯುತ್ತದೆ.

ಕಾಲವೂ ಇವರಿಗೆ ಅನುಕೂಲವಾಗಿ ಒದಗಿತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಪೂಲ್ ಆಟದ ಜನಪ್ರಿಯತೆ ಕುಗ್ಗಿ, ಅನೇಕ ಕೊಠಡಿಗಳು ಮುಚ್ಚಿಹೋಗಿದ್ದವು. 1959ರಲ್ಲಿ ವಾಲ್ಟರ್ ಟೆವಿಸ್ ಅವರ ದಿ ಹಸ್ಲರ್ ಕಾದಂಬರಿ ಪ್ರಕಟವಾಯಿತು. 1961ರಲ್ಲಿ ಅದನ್ನು ಆಧರಿಸಿದ ಚಲನಚಿತ್ರ ತೆರೆಗೆ ಬಂದು ಆಟಕ್ಕೆ ಮತ್ತೆ ಜೀವ ತುಂಬಿತು. ಅದೇ ವರ್ಷ ಇಲಿನಾಯ್ ರಾಜ್ಯದ ಜಾನ್‌ಸ್ಟನ್ ಸಿಟಿ ಎಂಬ ಚಿಕ್ಕ ಊರಿನಲ್ಲಿ ವೃತ್ತಿಪರ ಆಟಗಾರರ ಪಂದ್ಯಾವಳಿ ಆರಂಭವಾಯಿತು. ಆಟಗಾರರು ಕೊಠಡಿಯಲ್ಲಿರುವ ಸಾಮಾನ್ಯ ಕೋಲುಗಳನ್ನು ಬಿಟ್ಟು, ಸ್ವಂತ ಕ್ಯೂಗಳನ್ನು ಹೊಂದಲು ಬಯಸಿದ ಕಾಲವಿದು. ಶಿಕಾಗೋದ ಹರ್ಮನ್ ರ‍್ಯಾಂಬೋ ಮೊದಲಾದ ಹಿರಿಯ ತಯಾರಕರು ಈ ಪರಂಪರೆಯನ್ನು ಮೊದಲೇ ಸ್ಥಾಪಿಸಿದ್ದರು. ಬಲಬುಷ್ಕಾ ಅದನ್ನು ಮುಂದುವರಿಸಿ ಉನ್ನತ ಮಟ್ಟಕ್ಕೆ ಒಯ್ದರು.

ಕ್ಯೂವಿನ ರಚನೆ

ಬಲಬುಷ್ಕಾ ಅವರ ಕೆಲಸವನ್ನು ಅರಿಯಲು ಪೂಲ್ ಕ್ಯೂವಿನ ರಚನೆಯ ಪರಿಚಯ ಅಗತ್ಯ. ಭಾರತದಲ್ಲಿ ಹೆಚ್ಚು ಪರಿಚಿತವಾದ ಸ್ನೂಕರ್ ಕ್ಯೂವಿಗೂ ಇದಕ್ಕೂ ಕೆಲವು ವ್ಯತ್ಯಾಸಗಳಿವೆ. ಸ್ನೂಕರ್ ಕ್ಯೂವಿನ ಮುಂಭಾಗ ಸಾಮಾನ್ಯವಾಗಿ ಆ್ಯಶ್ ಮರದ್ದು ಹಾಗೂ ಅದರ ತುದಿ ಕಿರಿದು. ಪೂಲ್ ಕ್ಯೂವಿನ ಮುಂಭಾಗ ಗಟ್ಟಿಯಾದ ಮೇಪಲ್ ಮರದ್ದು ಹಾಗೂ ತುದಿಯ ವ್ಯಾಸ ಸುಮಾರು 13 ಮಿಲಿಮೀಟರ್. ಪೂಲ್ ಕ್ಯೂ ಸುಮಾರು 147 ಸೆಂಟಿಮೀಟರ್ ಉದ್ದವಿದ್ದು, 500ರಿಂದ 600 ಗ್ರಾಂ ತೂಗುತ್ತದೆ. ಮಧ್ಯದಲ್ಲಿ ತಿರುಪಿನ ಜೋಡಣೆಯಿಂದ ಇದನ್ನು ಎರಡು ಭಾಗಗಳಾಗಿ ಬಿಡಿಸಬಹುದು. ಚರ್ಮದ ತುದಿಯನ್ನು ಹೊತ್ತ ಮುಂಭಾಗವನ್ನು ಶಾಫ್ಟ್ ಎಂದೂ, ಕೈಯಲ್ಲಿ ಹಿಡಿಯುವ ಹಿಂಭಾಗವನ್ನು ಬಟ್ ಎಂದೂ ಕರೆಯುತ್ತಾರೆ.

ಬಟ್ಟಿನ ಮೇಲೆ ಕಾಣುವ ಚೂಪಾದ ಬಾಣದಂಥ ವಿನ್ಯಾಸಗಳು ಬಣ್ಣ ಬಳಿದವುಗಳಲ್ಲ. ಕರಿಮರ ಅಥವಾ ಬೀಟೆಯ ಜಾತಿಯ ಗಾಢವರ್ಣದ ಮರವನ್ನು ಮೇಪಲ್ ಮರದೊಳಗೆ ಬೆಣೆಯಂತೆ ಕೂಡಿಸಿ, ಲೇತ್ ಯಂತ್ರದಲ್ಲಿ ಕಡೆದಾಗ ಆ ಚೂಪುಗಳು ಮೂಡುತ್ತವೆ. ನಡುವೆ ತೆಳುವಾದ ಬಣ್ಣದ ವೆನೀರ್ ಪದರಗಳನ್ನು ಇಟ್ಟರೆ ಚೂಪಿನ ಅಂಚಿಗೆ ವರ್ಣರೇಖೆಗಳು ದೊರೆಯುತ್ತವೆ. ಕೂಡಿಕೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ನಾಲ್ಕು ಚೂಪುಗಳು ಒಂದೇ ಎತ್ತರಕ್ಕೆ ಬರುವುದಿಲ್ಲ. ಈ ಚೂಪುಗಳ ಸಮತೆ ಕ್ಯೂ ತಯಾರಕನ ನೈಪುಣ್ಯಕ್ಕೆ ಒಂದು ಅಳತೆಗೋಲು.

ತಯಾರಿಕೆಯ ವಿಧಾನ

ಆರಂಭದಲ್ಲಿ ಬಲಬುಷ್ಕಾ ಬ್ರನ್ಸ್‌ವಿಕ್ ಕಂಪನಿಯ ಟೈಟ್ಲಿಸ್ಟ್ ಎಂಬ ಒಂದೇ ತುಂಡಿನ ಕೋಲುಗಳನ್ನು ಬಳಸಿಕೊಂಡರು. ಪೂಲ್ ಕೊಠಡಿಗಳಲ್ಲಿ ಎಲ್ಲರೂ ಬಳಸುತ್ತಿದ್ದ ಈ ಕೋಲುಗಳ ಮರವೂ ಕೂಡಿಕೆಯೂ ಉತ್ತಮವಾಗಿದ್ದವು. ಅವುಗಳನ್ನು ಕತ್ತರಿಸಿ, ಮತ್ತೆ ಕಡೆದು, ಜೋಡಣೆಯನ್ನೂ ಹೊಸ ಶಾಫ್ಟನ್ನೂ ಅಳವಡಿಸಿ, ಅಲಂಕರಿಸಿ ಎರಡು ತುಂಡಿನ ಕ್ಯೂವಾಗಿ ರೂಪಿಸುತ್ತಿದ್ದರು. 1960ರ ದಶಕದ ಉತ್ತರಾರ್ಧದಲ್ಲಿ ಶಿಕಾಗೋದ ಬರ್ಟನ್ ಸ್ಪೇನ್ ಅವರು ಸಿದ್ಧಪಡಿಸಿದ ಕೂಡಿಕೆಯ ಮರಗಳನ್ನೂ, 1970ರ ದಶಕದ ಆರಂಭದಲ್ಲಿ ಪೆನ್ಸಿಲ್ವೇನಿಯಾದ ಗಸ್ ಜಾಂಬೋಟಿ ಅವರು ಒದಗಿಸಿದ ಮರಗಳನ್ನೂ ಬಳಸಿದರು. ಸ್ಪೇನ್ ಮತ್ತು ಜಾಂಬೋಟಿ ಇಬ್ಬರೂ ಸ್ವತಃ ಹೆಸರಾಂತ ತಯಾರಕರು. ಮೂಲ ಮರವನ್ನು ಇತರರಿಂದ ಪಡೆದರೂ ಕ್ಯೂವಿನ ಇಳಿಜಾರು, ತೂಕದ ಹಂಚಿಕೆ, ಜೋಡಣೆ, ಉಂಗುರಗಳು ಹಾಗೂ ಕುಸುರಿಯಲ್ಲಿ ಬಲಬುಷ್ಕಾ ಅವರ ಕೈಯ ಗುರುತು ಸ್ಪಷ್ಟವಾಗಿ ಕಾಣುತ್ತದೆ.

ಉಕ್ಕಿನ ಜೋಡಣೆ, ಐರಿಶ್ ನಾರುಬಟ್ಟೆಯ ದಾರದ ಅಥವಾ ಚರ್ಮದ ಹಿಡಿಕೆ, ಮುತ್ತಿನ ಚಿಪ್ಪಿನ ಚಿಕ್ಕ ಚಿಕ್ಕ ಕುಸುರಿಗಳು ಇವರ ಕ್ಯೂಗಳಲ್ಲಿ ಸಾಮಾನ್ಯವಾಗಿ ಕಂಡುಬರುತ್ತವೆ. ಅಲಂಕಾರ ಮಿತವಾಗಿರುತ್ತದೆ. ನಂತರದ ತಯಾರಕರು ಗಣಕಯಂತ್ರದ ನೆರವಿನಿಂದ ಅತಿ ಜಟಿಲವಾದ ವಿನ್ಯಾಸಗಳನ್ನು ಕೆತ್ತಿದ್ದಾರೆ. ಅವುಗಳ ಪಕ್ಕದಲ್ಲಿ ಬಲಬುಷ್ಕಾ ಅವರ ಕ್ಯೂ ಸರಳವಾಗಿ ತೋರುತ್ತದೆ. ಆದರೆ ಚೆಂಡಿಗೆ ತಗುಲಿದಾಗ ಕೈಗೆ ಸಿಗುವ ಸ್ಪಂದನ ಮತ್ತು ತೂಕದ ಸಮತೋಲನ ಇವರ ಹೆಸರನ್ನು ಉಳಿಸಿದವು. ಇವರ ಜೀವಿತಕಾಲದಲ್ಲಿಯೇ ಈ ಕ್ಯೂಗಳು ಸಂಗ್ರಾಹಕರ ಆಸೆಯ ವಸ್ತುಗಳಾಗಿದ್ದವು.

ನಿಧನ

ಬಲಬುಷ್ಕಾ 1975ರ ಡಿಸೆಂಬರ್ 5ರಂದು ನಿಧನರಾದರು. ಅರವತ್ತಮೂರನೆಯ ಹುಟ್ಟುಹಬ್ಬಕ್ಕೆ ನಾಲ್ಕು ದಿನಗಳಷ್ಟೇ ಉಳಿದಿದ್ದವು. ಇವರ ಮರಣದೊಂದಿಗೆ ಬಲಬುಷ್ಕಾ ಕ್ಯೂಗಳ ಸಂಖ್ಯೆ ಸ್ಥಿರವಾಯಿತು. ಬೇಡಿಕೆ ಮಾತ್ರ ಬೆಳೆಯುತ್ತ ಹೋಯಿತು.

ಚಲನಚಿತ್ರದಿಂದ ಬಂದ ಖ್ಯಾತಿ

ಹನ್ನೊಂದು ವರ್ಷಗಳ ನಂತರ, 1986ರಲ್ಲಿ, ಮಾರ್ಟಿನ್ ಸ್ಕಾರ್ಸೇಸಿ ನಿರ್ದೇಶನದ ದಿ ಕಲರ್ ಆಫ್ ಮನಿ ಚಿತ್ರ ಬಿಡುಗಡೆಯಾಯಿತು. ಇದು ದಿ ಹಸ್ಲರ್ ಚಿತ್ರದ ಮುಂದುವರಿದ ಕಥೆ. ಪಾಲ್ ನ್ಯೂಮನ್ ಅಭಿನಯಿಸಿದ ಹಿರಿಯ ಆಟಗಾರನ ಪಾತ್ರವು ಟಾಮ್ ಕ್ರೂಸ್ ಅಭಿನಯಿಸಿದ ಯುವಕನಿಗೆ ಬಲಬುಷ್ಕಾ ಕ್ಯೂವೊಂದನ್ನು ಕೊಡುವ ಪ್ರಸಂಗ ಅದರಲ್ಲಿದೆ. ಈ ಚಿತ್ರದ ಅಭಿನಯಕ್ಕಾಗಿ ನ್ಯೂಮನ್ ಅವರಿಗೆ ಆಸ್ಕರ್ ಪ್ರಶಸ್ತಿ ಲಭಿಸಿತು. ಪೂಲ್ ಆಟದ ವಲಯದಲ್ಲಿ ಮಾತ್ರ ಪರಿಚಿತವಾಗಿದ್ದ ಬಲಬುಷ್ಕಾ ಎಂಬ ಹೆಸರು ಲೋಕಕ್ಕೆಲ್ಲ ತಿಳಿಯಿತು. ಆದರೆ ತೆರೆಯ ಮೇಲೆ ಕಾಣುವುದು ನಿಜವಾದ ಬಲಬುಷ್ಕಾ ಅಲ್ಲ. ಅದನ್ನು ಹೋಲುವಂತಿದ್ದ, ಜಾಸ್ ಎಂಬ ಸಂಸ್ಥೆ ತಯಾರಿಸಿದ ಕ್ಯೂ.

ಚಿತ್ರದ ನಂತರ ಬೆಲೆ ತೀವ್ರವಾಗಿ ಏರಿತು. ಬೆಲೆಯ ಜೊತೆಗೆ ನಕಲುಗಳೂ ಹೆಚ್ಚಿದವು. ಅಧಿಕೃತ ಅನುಮತಿ ಪಡೆದು ತಯಾರಿಸಿದ ಪ್ರತಿಕೃತಿಗಳು ಒಂದು ಬಗೆಯಾದರೆ, ಮೂಲವೆಂದು ಹೇಳಿ ಮಾರುವ ಕೃತಕ ಕ್ಯೂಗಳು ಇನ್ನೊಂದು ಬಗೆ. ಟೈಟ್ಲಿಸ್ಟ್ ಕೋಲುಗಳು ಪೂಲ್ ಕೊಠಡಿಗಳಲ್ಲಿ ಎಲ್ಲೆಡೆ ಬಳಕೆಯಲ್ಲಿದ್ದ ಕಾರಣ, ಅದೇ ಹಳೆಯ ಮರವನ್ನು ಬಳಸಿ ನಕಲು ಮಾಡುವುದು ಅಸಾಧ್ಯವಲ್ಲ. ಆದ್ದರಿಂದ ಮರ ಹಳೆಯದೆಂಬ ಒಂದೇ ಕಾರಣಕ್ಕೆ ಕ್ಯೂ ಬಲಬುಷ್ಕಾ ಅವರದೆಂದು ನಿರ್ಣಯಿಸಲಾಗದು. ಉಂಗುರಗಳ ಮಾದರಿ, ತಿರುಪಿನ ಅಳತೆ, ಒಳಗಿನ ಜೋಡಣೆ, ಕೈಬರಹದ ಹೆಸರು ಹಾಗೂ ಮೇಲ್ಲೇಪನ ಇವೆಲ್ಲವನ್ನೂ ಒಟ್ಟಾಗಿ ಪರೀಕ್ಷಿಸಬೇಕಾಗುತ್ತದೆ.

ಮೇಲ್ಲೇಪನದ ಮಹತ್ವ

ಕ್ಯೂವಿನ ಬಟ್ಟಿಗೆ ಕೊನೆಯಲ್ಲಿ ಕೊಡುವ ಪಾರದರ್ಶಕ ಹೊದಿಕೆಯೇ ಮೇಲ್ಲೇಪನ. ಬೆವರು ಮತ್ತು ತೇವ ಮರದೊಳಗೆ ಇಳಿಯದಂತೆ ಇದು ತಡೆಯುತ್ತದೆ. ಮರದ ಎಳೆಗಳಿಗೆ ಆಳವಾದ ಹೊಳಪನ್ನೂ ನೀಡುತ್ತದೆ. ಶಾಫ್ಟ್ ಕೈಬೆರಳುಗಳ ನಡುವೆ ಸರಾಗವಾಗಿ ಜಾರಬೇಕಾದ್ದರಿಂದ ಅದಕ್ಕೆ ದಪ್ಪನೆಯ ಲೇಪನ ಕೊಡುವುದಿಲ್ಲ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಪೀಠೋಪಕರಣ ಮತ್ತು ವಾದ್ಯಗಳ ತಯಾರಿಕೆಯಲ್ಲಿ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಪ್ರಚಾರದಲ್ಲಿತ್ತು. ದ್ರಾವಕ ಆವಿಯಾದಂತೆ ಇದು ಒಣಗುತ್ತದೆ. ಹೊಸ ಪದರ ಬಿದ್ದಾಗ ಹಳೆಯ ಪದರ ಸ್ವಲ್ಪ ಕರಗಿ ಎರಡೂ ಒಂದಾಗುವುದರಿಂದ ದುರಸ್ತಿ ಸುಲಭ. ಆದರೆ ಕಾಲಾಂತರದಲ್ಲಿ ಲ್ಯಾಕರ್ ಹಳದಿಗೆ ತಿರುಗುತ್ತದೆ, ಕೂದಲೆಳೆಯಂಥ ಬಿರುಕುಗಳನ್ನೂ ಬಿಡುತ್ತದೆ. ಇಂದು ಹೆಚ್ಚಾಗಿ ಬಳಸುವ ಎರಡು ಘಟಕಗಳ ಪಾಲಿಯುರೆಥೇನ್ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಇದು ದೃಢವಾದ ಲೇಪನ. ಆದರೆ ಒಮ್ಮೆ ಗಟ್ಟಿಯಾದ ಪದರದೊಂದಿಗೆ ಹೊಸ ಪದರ ಕರಗಿ ಬೆರೆಯುವುದಿಲ್ಲ. ಇದರ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಎಂಬ ಹಾನಿಕರ ವಸ್ತುಗಳಿರುವುದರಿಂದ, ಸಿಂಪಡಿಸುವವರು ತಕ್ಕ ಉಸಿರಾಟದ ರಕ್ಷಾಕವಚ ಧರಿಸುವುದೂ ಗಾಳಿ ಹೊರಹೋಗುವ ವ್ಯವಸ್ಥೆ ಮಾಡುವುದೂ ಕಡ್ಡಾಯ.

ಸ್ಪ್ರೇ ಗನ್ನಿನ ಆಯ್ಕೆ

ಹಳೆಯ ಕ್ಯೂಗಳನ್ನು ದುರಸ್ತಿ ಮಾಡುವವರಿಗೂ ಹೊಸ ತಯಾರಕರಿಗೂ ಸ್ಪ್ರೇ ಗನ್ನಿನ ಆಯ್ಕೆ ಮುಖ್ಯವಾದ ವಿಷಯ. ಕ್ಯೂ ಒಂದು ತೆಳುವಾದ, ದುಂಡಗಿನ ವಸ್ತು. ಜೋಡಣೆಯ ಬಳಿ ಅದರ ವ್ಯಾಸ ಸುಮಾರು 21 ಮಿಲಿಮೀಟರ್, ಬುಡದಲ್ಲಿ ಸುಮಾರು 32 ಮಿಲಿಮೀಟರ್. ಕಾರಿನ ಬಾಗಿಲಿಗೆ ಬಣ್ಣ ಸಿಂಪಡಿಸುವ ದೊಡ್ಡ ಗನ್ನನ್ನು ಇಲ್ಲಿ ಬಳಸಿದರೆ ಬೀಸಣಿಗೆಯಂತೆ ಹರಡುವ ಲೇಪನದ ಬಹುಭಾಗ ಗಾಳಿಪಾಲಾಗುತ್ತದೆ. ಚಿತ್ರಕಾರರು ಬಳಸುವ ಏರ್‌ಬ್ರಷ್ ಇದಕ್ಕೆ ತದ್ವಿರುದ್ಧ. ಅದರಿಂದ ಬರುವ ದ್ರವ ಅತ್ಯಲ್ಪವಾದ್ದರಿಂದ, ಬಟ್ಟಿನ ಇನ್ನೊಂದು ತುದಿ ತಲುಪುವಷ್ಟರಲ್ಲಿ ಮೊದಲ ಭಾಗ ಒಣಗತೊಡಗಿ ಮೇಲ್ಮೈ ಒರಟಾಗುತ್ತದೆ. ಇವೆರಡರ ನಡುವಿನ ಗಾತ್ರದ, ಮೇಲೆ ಬಟ್ಟಲುಳ್ಳ ಚಿಕ್ಕ ಗನ್ ಈ ಕೆಲಸಕ್ಕೆ ಹೊಂದುತ್ತದೆ. ದ್ರವವು ತನ್ನ ಭಾರದಿಂದಲೇ ಇಳಿಯುವುದರಿಂದ ಸ್ವಲ್ಪ ಲೇಪನವಿದ್ದರೂ ಕೆಲಸ ನಡೆಯುತ್ತದೆ. ತೆಳುವಾದ ಲೇಪನಗಳಿಗೆ 0.8ರಿಂದ 1.0 ಮಿಲಿಮೀಟರ್ ರಂಧ್ರದ ನಳಿಕೆ ಸಾಕಾಗುತ್ತದೆ. ದಪ್ಪವಾದವುಗಳಿಗೆ ಇದಕ್ಕಿಂತ ದೊಡ್ಡ ರಂಧ್ರ ಬೇಕು.

ಹೆಚ್ಚು ಗಾಳಿಯನ್ನು ಕಡಿಮೆ ಒತ್ತಡದಲ್ಲಿ ಹೊರಬಿಡುವ ಬಗೆಯ ಗನ್ನುಗಳಲ್ಲಿ ನಳಿಕೆಯ ಬಾಯಿಯ ಒತ್ತಡ ಚದರ ಅಂಗುಲಕ್ಕೆ 10 ಪೌಂಡ್ ಮೀರದು. ಇದರಿಂದ ಲೇಪನ ಪುಟಿದು ಹಾರುವುದು ಕಡಿಮೆಯಾಗಿ ವಸ್ತುವಿನ ಮೇಲೆ ಹೆಚ್ಚು ಉಳಿಯುತ್ತದೆ. ಆದರೆ ಈ ಗನ್ನುಗಳು ಬಹಳ ಗಾಳಿಯನ್ನು ಬೇಡುತ್ತವೆ. ಕಂಪ್ರೆಸರ್ ಅಷ್ಟು ಗಾಳಿಯನ್ನು ನಿರಂತರವಾಗಿ ಒದಗಿಸಬಲ್ಲದೇ ಎಂಬುದನ್ನು ಮೊದಲು ನೋಡಿ, ಆಮೇಲೆ ಗನ್ನನ್ನು ಆರಿಸುವುದು ಸರಿಯಾದ ಕ್ರಮ. ಗಾಳಿಯ ಕೊಳವೆಗೆ ತೇವವನ್ನೂ ಎಣ್ಣೆಯನ್ನೂ ಸೋಸುವ ಸಾಧನವಿಲ್ಲದಿದ್ದರೆ ಎಷ್ಟೇ ಬೆಲೆಬಾಳುವ ಗನ್ನಿನಿಂದಲೂ ಲೇಪನದಲ್ಲಿ ಗುಳಿಗಳೂ ಮಬ್ಬೂ ಮೂಡುತ್ತವೆ. ಕ್ಯೂವನ್ನು ನಿಧಾನವಾಗಿ ತಿರುಗಿಸುತ್ತ, ಗನ್ನನ್ನು ಒಂದೇ ಅಂತರದಲ್ಲಿ, ಒಂದೇ ವೇಗದಲ್ಲಿ ಸಾಗಿಸಬೇಕು. ಒಂದು ದಪ್ಪನೆಯ ಪದರಕ್ಕಿಂತ ಹಲವು ತೆಳುವಾದ ಪದರಗಳು ಲೇಸು. ಕೊನೆಗೆ ಅತಿ ನಯವಾದ ಮರಳು ಕಾಗದದಿಂದ ಒದ್ದೆಯಾಗಿ ಉಜ್ಜಿ, ಹೊಳಪು ಕೊಡುತ್ತಾರೆ.

ಪುನರ್ಲೇಪನದ ಪ್ರಶ್ನೆ

ಬಲಬುಷ್ಕಾ ಕ್ಯೂಗಳ ವಿಷಯದಲ್ಲಿ ಯಾವ ಗನ್ ಎಂಬುದಕ್ಕಿಂತ, ಗನ್ನನ್ನು ಎತ್ತಬೇಕೇ ಎಂಬುದೇ ಮೊದಲ ಪ್ರಶ್ನೆ. ಹೊಸ ಲೇಪನ ಕೊಡಬೇಕಾದರೆ ಹಳೆಯದನ್ನು ಉಜ್ಜಿ ತೆಗೆಯಬೇಕು. ಉಜ್ಜುವಾಗ ಲೇಪನದೊಂದಿಗೆ ಮರವೂ ಸವೆಯುತ್ತದೆ. ಹಲವು ಬಾರಿ ಹೀಗೆ ಮಾಡಿದರೆ ಬಟ್ಟು ಸಣ್ಣದಾಗಿ ಉಕ್ಕಿನ ಜೋಡಣೆಯೂ ಉಂಗುರಗಳೂ ಮರಕ್ಕಿಂತ ಉಬ್ಬಿ ನಿಲ್ಲುತ್ತವೆ. ಹೊರಮೈ ಇಳಿದಂತೆ ಚೂಪುಗಳ ಉದ್ದವೂ ಬದಲಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಇವರ ಕ್ಯೂಗಳಲ್ಲಿ ಕೆಲವುಗಳ ಮೇಲೆ ಶಾಯಿಯಿಂದ ಬರೆದ ಹೆಸರು ಲೇಪನದ ಅಡಿಯಲ್ಲಿರುತ್ತದೆ. ಮರಳು ಕಾಗದ ಒಮ್ಮೆ ಅದನ್ನು ಮುಟ್ಟಿದರೆ ಆ ಅಕ್ಷರಗಳು ಮತ್ತೆ ಬರುವುದಿಲ್ಲ. ಮತ್ತೆ ಬರೆಸಿದರೆ ಅದು ಹಸ್ತಾಕ್ಷರವಲ್ಲ.

ಈ ಕುರಿತು ಎರಡು ಅಭಿಪ್ರಾಯಗಳಿವೆ. ಕ್ಯೂ ಆಡಲೆಂದು ಮಾಡಿದ ವಸ್ತು. ಬಿರುಕು ಬಿಟ್ಟ ಲೇಪನದೊಳಗೆ ತೇವ ಇಳಿದು ಮರವೇ ಕೆಡುವುದಕ್ಕಿಂತ ಹೊಸ ಹೊದಿಕೆ ಕೊಡುವುದು ಮೇಲು ಎಂಬುದು ಒಂದು ಪಕ್ಷ. ಹಳೆಯ ಲೇಪನವು ತಯಾರಕರ ಕೈಕೆಲಸದ ಭಾಗ ಹಾಗೂ ಕ್ಯೂವಿನ ಸಾಚಾತನಕ್ಕೆ ಸಾಕ್ಷಿ. ಅದನ್ನು ತೆಗೆದರೆ ಸಾಕ್ಷಿಯನ್ನೇ ಅಳಿಸಿದಂತೆ ಎಂಬುದು ಇನ್ನೊಂದು ಪಕ್ಷ. ಸಂಗ್ರಾಹಕರಲ್ಲಿ ಎರಡನೆಯ ಅಭಿಪ್ರಾಯಕ್ಕೆ ಬಲ ಹೆಚ್ಚು. ನಕಲುಗಳು ಹಬ್ಬಿರುವ ಕಾಲದಲ್ಲಿ ಅದಕ್ಕೆ ಸಕಾರಣವೂ ಇದೆ. ಪುನರ್ಲೇಪನ ಅನಿವಾರ್ಯವಾದಾಗ ಮೊದಲು ಎಲ್ಲ ಕಡೆಯಿಂದ ಛಾಯಾಚಿತ್ರ ತೆಗೆದು, ಅಳತೆಗಳನ್ನು ಬರೆದಿಟ್ಟು, ಹೆಸರಿರುವ ಭಾಗವನ್ನು ಮುಟ್ಟದೆ, ಹಳೆಯ ಲೇಪನಕ್ಕೆ ಹೊಂದುವ ವಸ್ತುವನ್ನೇ ಬಳಸುವುದು ವಿವೇಕದ ಮಾರ್ಗ. ಮಾರುವಾಗ ಪುನರ್ಲೇಪನದ ಸಂಗತಿಯನ್ನು ಕೊಳ್ಳುವವರಿಗೆ ತಿಳಿಸುವುದೂ ಅಗತ್ಯ.

ಕೆಲವು ಹಳೆಯ ಕ್ಯೂಗಳಲ್ಲಿ ಆನೆಯ ದಂತದ ಭಾಗಗಳಿರುವುದುಂಟು. ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದದಡಿ 1989ರಲ್ಲಿ ಆಫ್ರಿಕದ ದಂತದ ವಾಣಿಜ್ಯ ವ್ಯಾಪಾರವನ್ನು ನಿಷೇಧಿಸಲು ನಿರ್ಧರಿಸಿದ ಮೇಲೆ, ಇಂಥ ಕ್ಯೂಗಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸಲು ಕಾನೂನಿನ ತೊಡಕುಗಳಿವೆ.

ಗೌರವಗಳು ಮತ್ತು ಪ್ರಭಾವ

2004ರಲ್ಲಿ ಅಮೆರಿಕದ ಬಿಲಿಯರ್ಡ್ ಕಾಂಗ್ರೆಸ್ ಬಲಬುಷ್ಕಾ ಅವರನ್ನು ಮರಣೋತ್ತರವಾಗಿ ತನ್ನ ಗೌರವ ಪಟ್ಟಿಗೆ ಸೇರಿಸಿತು. ಅಮೆರಿಕದ ಕ್ಯೂ ತಯಾರಕರ ಸಂಘವೂ ಇವರನ್ನು ಇದೇ ಬಗೆಯಲ್ಲಿ ಗೌರವಿಸಿದೆ. ನಾಲ್ಕು ಚೂಪುಗಳು, ವರ್ಣರೇಖೆಗಳು, ಉಕ್ಕಿನ ಜೋಡಣೆ, ನಾರಿನ ಹಿಡಿಕೆ ಹಾಗೂ ಮಿತವಾದ ಕುಸುರಿಯುಳ್ಳ ಇವರ ಮಾದರಿಯನ್ನು ನಂತರದ ಅನೇಕ ತಯಾರಕರು ಅನುಸರಿಸಿದ್ದಾರೆ. ಇಂದು ಬಲಬುಷ್ಕಾ ಅವರ ಕ್ಯೂಗಳಲ್ಲಿ ಬಹುಪಾಲು ಖಾಸಗಿ ಸಂಗ್ರಹಗಳಲ್ಲಿವೆ.